ಮೂರು ನಲವತ್ತು

ಒಂದು ಸಾಲಿನಾಗ ಐದು ಮನಿ:
ನಿಮಿಷ, ತಾಸು, ತಾರೀಖು, ತಿಂಗಳು, ವಾರ.
ಸೊನ್ನೆ ಬರದೆ. ನಾಲ್ಕು ಬರದೆ.
ತಾರೀಖಿನ ಮನಿಯಾಗ ಒಂದು ಚುಕ್ಕಿ,
ತಿಂಗಳಿನ ಮನಿಯಾಗ ಇನ್ನೊಂದು.
ಚುಕ್ಕಿ ಅಂದ್ರ ಯಾವುದಾದ್ರೂ ನಡೀತದ ಅಂತ.
ಕಡೀ ಮನಿಯಾಗ ಸೋಮವಾರ, ಗುರುವಾರ.

ಶಹಾಬಜಾರದ ಏಳುನೂರಾ ಹನ್ನೆರಡು ಫೋನಿಗೆ
ನಸುಕಿನ ನಾಲ್ಕಕ್ಕ ಒಂದೇ ಮಾತು ಹೋಗಬೇಕು:
ನಳಕ್ಕ ನೀರು ಬಿಟ್ಟದ, ತುಂಬಿಸಿಕೊಳ್ರಿ.

ಬರದು, ಉಳಿಸಿ, ಪಂಖಾ ಹಚ್ಚಿ
ಫರಸಿ ಮ್ಯಾಲೆ ಮಲಕೊಂಡೆ.
ಮೇ ತಿಂಗಳು. ಕಲ್ಲಿನ ಬೆನ್ನು ಸೈತ ಬಿಸಿ.

ನೀರು ಬಂತು ನಾಲ್ಕಕ್ಕ, ಹೋತು ಐದೂವರಿಗೆ.
ನನ್ನ ಮಾತು ಮುಟ್ಟಿದ್ದು ಒಂಬತ್ತೂವರಿಗೆ.

ಚಂಪಾಬಾಯಿ ಕಚೇರಿಗೇ ಬಂದ್ರು,
ನನ್ನ ಕೀಬೋರ್ಡಿನ ಬಾಜೂಕ ಖಾಲಿ ಕೊಡ ಕುಕ್ಕಿದ್ರು.
"ತುಂಬಿಸಿಕೋ ಅಂದಿ. ಎಲ್ಲಿಂದ ತುಂಬಲಿ?
ಈ ಡಬ್ಬಿಯಾಗಿಂದೇನು?"

ಐದೂವರಿ ತಾಸು.
ಮಷೀನು ಇರೋದು ಯಾವ ದೇಶದಾಗೋ,
ಅದರ ಗಡಿಯಾರಕ್ಕ ಸೂರ್ಯನೇ ಬ್ಯಾರೆ.
ನಾವು ಚಹಾ ಕುಡದು, ರೊಟ್ಟಿ ಬಡದು,
ಹುಡುಗರಿಗೆ ಸಾಲಿಗಿ ಅಟ್ಟಿ ಬಂದು ಕುಂತಾಗ
ಅದಕ್ಕ ನಸುಕಿನ ನಾಲ್ಕು.

ಕಳದೆ. ಇಪ್ಪತ್ತೆರಡು ಮೂವತ್ತು.
ವಾರನೂ ಹಿಂದಕ್ಕ ಜಗ್ಗಬೇಕಾತು: ರವಿವಾರ, ಬುಧವಾರ.
ನಾಳಿನ ನೀರು ಅದಕ್ಕ ಇವತ್ತಿನ ರಾತ್ರಿ.
ಈ ಮಾತು ಚಂಪಾಬಾಯಿಗಿ ಹೇಳಲಿಲ್ಲ.
ಕೊಡ ಮಾತ್ರ ನಾನೇ ಹೊತ್ತು ಮನಿತನಕ ಮುಟ್ಟಿಸಿ ಬಂದೆ.

ಮೂರು ವಾರ ಚಂದ ನಡೀತು.
ಜೂನ್ ಬಂತು. ಮಳಿ ಇಲ್ಲ, ಬರೇ ಮೋಡ.
ಒಂದು ಗುರುವಾರ, ಸರಿಯಾಗಿ ನಾಲ್ಕಕ್ಕ,
ಏಳುನೂರಾ ಹನ್ನೆರಡು ಫೋನು ಗುಣುಗಿದವು.
ಓಣಿತುಂಬ ಲೈಟು, ಓಣಿತುಂಬ ಕೊಡ,
ನಳದಾಗ ಬರೇ ಗಾಳಿ, ಮುದುಕರ ಕೆಮ್ಮಿನಂಗ.

ಲಾಗು ತೆಗೆದು ನೋಡಿದೆ: ಯಶಸ್ವಿ.
ತಪ್ಪು ಸೊನ್ನೆ.
ಅದಕ್ಕ ಹೇಳಿದ ಕೆಲಸ ಅದು ಮಾಡಿತ್ತು.
ನೀರು ಬಂದದೋ ಇಲ್ಲೋ ಕೇಳು ಅಂತ
ನಾ ಎಲ್ಲಿ ಹೇಳಿದ್ದೆ?

ಟಾಕಿ ಬುಡಕ್ಕ ಹೋದೆ.
ಲಾಡ್ಲೇ ಚಾಚಾ ಆಳೆತ್ತರದ ಕೀಲಿಗೆ
ಎಣ್ಣಿ ಹಚ್ಕೋತ ಕುಂತಿದ್ದರು.
ತಲಿ ಎತ್ತಲಿಲ್ಲ.

"ಇಪ್ಪತ್ತೆಂಟು ವರ್ಷ ಬೆಳ್ಳಿಚುಕ್ಕಿ ನೋಡೇ ಎದ್ದೀನಿ.
ಬೆಳ್ಳಿ ಸಂಜಿ ಕಡಿಗಿ ಹೋದ್ರ ಕೂರಿಗಿ ನೋಡ್ತೀನಿ.
ನಿನ್ನೆ ಎರಡೂ ಇರಲಿಲ್ಲ ಬೇಟಿ.
ಕತ್ತಲಿ ಕತ್ತಲಿನೇ ಇತ್ತು, ನಾ ಮಲಗೇ ಇದ್ದೆ."

ಮೊದಲೆಲ್ಲ ಹ್ಯಾಂಗ ಚಾಚಾ, ಮೋಡದ ದಿನ?

"ಮೊದಲ? ಒಂದು ತಾಸು ತಡ ಆಗ್ತಿತ್ತು.
ಯಾರಿಗಿ ಗೊತ್ತಿತ್ತು ತಡ ಅಂತ?
ನೀ ಬಂದ ಮ್ಯಾಲೆ ತಡ ಹುಟ್ಟ್ಯದ."

ಆಮ್ಯಾಲೆ ಕೇಳಿದರು, ನಗಲಾರದೆ:
"ಐದು ಮನಿ ಅಂದೆಲ್ಲ,
ಮೋಡಕ್ಕ ಒಂದು ಮನಿ ಇಲ್ಲೇನು ಅದರಾಗ?"

ಇರಲಿಲ್ಲ. ಎಷ್ಟು ಹುಡುಕಿದ್ರೂ
ಆರನೇ ಮನಿ ಇರಲಿಲ್ಲ.

ಆ ರಾತ್ರಿ ಹಳೇ ಸಾಲಿನ ಮುಂದ ಜಾಳಿಗಿ ಗುರ್ತು ಹಾಕಿ
ಬಾಯಿ ಮುಚ್ಚಿಸಿದೆ. ಕೆಳಗ ಹೊಸಾದು ಬರದೆ.
ನಮ್ಮ ಮೂರು ನಲವತ್ತಕ್ಕ ಒಂದೇ ಕರೆ,
ಇಡೀ ಓಣಿಗಲ್ಲ, ಒಂದೇ ಫೋನಿಗೆ.
ಚಾಚಾ ಅದನ್ನ ಕಡಿದು ಎದ್ದು, ಸೈಕಲ್ ತುಳಿದು,
ಕೀಲಿ ತಿರುವಿ, ಪೈಪಿಗೆ ಕಿವಿ ಹಚ್ಚಿ,
ನೀರಿನ ಸಪ್ಪಳ ಕೇಳಿದ ಮ್ಯಾಲೆ
ಒಂದು ಮಿಸ್ಡ್ ಕಾಲ್ ಕೊಡ್ತಾರ.
ಆಗ ಹೋಗ್ತಾವ ಏಳುನೂರಾ ಹನ್ನೆರಡು.
ನಾಲ್ಕಕ್ಕ ಅಂತ ಏನಿಲ್ಲ. ನಾಲ್ಕು ಐದು, ನಾಲ್ಕು ಹನ್ನೆರಡು.

ಮುಂಜಾನಿ ಲಾಗು ಓದೋದು ನನಗ ಚಟ ಆಗ್ಯದ.
ಸೋಮವಾರ: ಆರನೇ ರಿಂಗು.
ಗುರುವಾರ: ಎತ್ತಿಲ್ಲ. ಎರಡನೇ ಕರೆ, ನಾಲ್ಕನೇ ರಿಂಗು.
ಮತ್ತ ಸೋಮವಾರ: ಏಳು.

ಇವತ್ತ ಮೊದಲನೇ ರಿಂಗಿಗೇ ಕಡಿದಾರ.
ರಾತ್ರಿ ಮುಗಿಲು ತಿಳಿ ಆಗಿರಬೇಕು.